ಅತ್ತೆಯ ಪಾಲಿನ ಸಿಹಿ

ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಬಂದರೆ ಇನ್ನೊಬ್ಬರಿಗೆ ಅಧಿಕಾರ ಬರುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಹೇಳುತ್ತಿದ್ದೇನೆ, ಬೈಯುವವರು ಬೈದುಕೊಳ್ಳಿ. ನಮ್ಮತ್ತೆಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನ ನನ್ನ ಕಣ್ಣಲ್ಲಿ ನೀರು ಬಂದದ್ದು ನಿಜ, ಸುಳ್ಳು ಹೇಳುವುದಿಲ್ಲ. ಆದರೆ ಮದುವೆಯಾಗಿ ಒಂಬತ್ತು ವರ್ಷ ಸಾರಿಗೆ ಉಪ್ಪು ಹಾಕಬೇಕಾದರೂ ಅವರ ಮುಖ ನೋಡಿಯೇ ಹಾಕಿದವಳು ನಾನು. ಅಂಥವಳಿಗೆ ಅತ್ತೆಯ ತಟ್ಟೆಯ ಮುಂದೆ ನಿಂತು ‘ಸಾಕು’ ಅನ್ನುವ ಹಕ್ಕು ಡಾಕ್ಟರ ಚೀಟಿಯ ಜೊತೆಗೇ ಸಿಕ್ಕಿಬಿಟ್ಟರೆ, ಆ ಕಣ್ಣೀರು ಎಷ್ಟು ಹೊತ್ತು ನಿಲ್ಲುತ್ತದೆ ನೀವೇ ಹೇಳಿ.

ನಮ್ಮದು ಪಿರಿಯಾಪಟ್ಟಣ ತಾಲ್ಲೂಕು, ಬೆಟ್ಟದಪುರದಿಂದ ಸ್ವಲ್ಪ ಒಳಗೆ. ಹೊಗೆಸೊಪ್ಪು ಬೆಳೆಯುವ ಮನೆ. ಈಗ ನನಗೆ ಐವತ್ತರ ಮೇಲೆ ಒಂದು. ನಾನು ಹೇಳುತ್ತಿರುವುದು ಮೂವತ್ತು ದಾಟಿ ಒಂದೆರಡು ವರ್ಷವಾಗಿದ್ದ ಕಾಲದ ಮಾತು. ಇಡೀ ಬೀದಿಗೆ ಒಂದೇ ಒಂದು ಮೊಬೈಲ್ ಇತ್ತು, ಅದೂ ಬೇಲಿ ಹತ್ತಿ ನಿಂತರೆ ಮಾತ್ರ ಮಾತಾಡುತ್ತಿತ್ತು. ನಮ್ಮತ್ತೆ ಕೆಂಪಮ್ಮನವರಿಗೆ ಹೊಲದಲ್ಲಿ ಕೊಯ್ದುಳಿದ ಹೊಗೆಸೊಪ್ಪಿನ ಕೂಳೆ ಕಾಲಿಗೆ ಚುಚ್ಚಿತು. ಚುಚ್ಚಿದ್ದು ಕಡ್ಡಿಯಷ್ಟು, ಗಾಯ ಮಾತ್ರ ಎಂಟು ತಿಂಗಳು ಮಾಯಲಿಲ್ಲ. ಅರಿಶಿನ ಹಚ್ಚಿದೆವು, ಯಾವುದೋ ಸೊಪ್ಪು ಅರೆದು ಕಟ್ಟಿದೆವು, ಕೊನೆಗೆ ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಕಿರುಬೆರಳು ತೆಗೆದರು. ಸಕ್ಕರೆ ಎಷ್ಟು ವರ್ಷದಿಂದ ಮೈಯಲ್ಲಿ ಕೂತಿತ್ತೋ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಬೆರಳು ಹೋಗುವಾಗ. ಪಿರಿಯಾಪಟ್ಟಣದ ನಮ್ಮ ಡಾಕ್ಟರು ಮಾತ್ರೆ ಬರೆದುಕೊಟ್ಟು, ನನ್ನ ಕಡೆ ತಿರುಗಿ, “ನೋಡಮ್ಮ, ಇನ್ನು ಇವರ ಊಟ ನಿನ್ನ ಕೈಲಿದೆ” ಎಂದರು. ಅಷ್ಟೇ ಬೇಕಾಗಿತ್ತು ನನಗೆ.

ಮರುದಿನದಿಂದಲೇ ರಾಜ್ಯಭಾರ ಶುರುವಾಯಿತು. ಅತ್ತೆಯ ಮುದ್ದೆ ತೆಂಗಿನಕಾಯಿ ಗಾತ್ರದಿಂದ ಕೊಡಗಿನ ಕಿತ್ತಳೆ ಗಾತ್ರಕ್ಕೆ ಇಳಿಯಿತು. ಕಾಫಿಗೆ ಸಕ್ಕರೆ ನಿಂತಿತು. ಬಾಳೆಹಣ್ಣಿನ ಗೊನೆ ಅಟ್ಟ ಹತ್ತಿತು. ಮೊದಲ ದಿನ ಅತ್ತೆ ತಟ್ಟೆ ನೋಡಿ, “ಏನವ್ವಾ ಜಯಾ, ಇದು ಮುದ್ದೆನಾ, ಇಲ್ಲ ದೃಷ್ಟಿ ತೆಗ್ಯಕ್ಕೆ ಮಾಡಿರೋ ಉಂಡೆನಾ?” ಎಂದರು. ನಾನು ಡಾಕ್ಟರ ಹೆಸರು ಹೇಳಿದೆ. “ಆ ಡಾಕುಟ್ರು ನಮ್ಮನೆ ವಲ ಉಳಾಕೆ ಬತ್ತಾನಾ?” ಎಂದರು. ನಾನು ಸೊಂಟಕ್ಕೆ ಕೈ ಕೊಟ್ಟು, “ಇನ್ನೊಂದು ಬೆರಳು ಕಳ್ಕೋಬೇಕಾ ಅತ್ತೆ?” ಎಂದೆ. ಅವರು ಮುದ್ದೆ ಮುರಿದು ಸಾರಿಗೆ ಅದ್ದಿದರು. ಹೇಳಿದ ಮಾತು ಸರಿಯೇ. ಹೇಳುವಾಗ ನನ್ನ ಎದೆಯೊಳಗೆ ಎದ್ದ ಸಂತೋಷ ಮಾತ್ರ ಅಷ್ಟು ಸರಿಯಾದದ್ದಲ್ಲ.

ಆದರೆ ಅತ್ತೆ ಸಾಮಾನ್ಯರಲ್ಲ. ಬೆಲ್ಲವನ್ನು ರಾಗಿಹಿಟ್ಟಿನ ಡಬ್ಬದಲ್ಲಿ ಹೂತಿಟ್ಟರೆ ಮೂಸಿ ಕಂಡುಹಿಡಿಯುತ್ತಿದ್ದರು. ಬೆಳಗಿನ ಬಿಸ್ಕತ್ತು ಬೀರುವಿನ ಸೀರೆಗಳ ಮಧ್ಯೆ ಇಟ್ಟರೆ, ಸಂಜೆಗೆ ಸೀರೆ ಮಡಿಸಿದಂತೆಯೇ ಇದ್ದು ಬಿಸ್ಕತ್ತು ಮಾತ್ರ ಇರುತ್ತಿರಲಿಲ್ಲ. ನೆಂಟರು ಬಂದರೆ ಅರ್ಧ ಕೇಜಿ ಮೈಸೂರು ಪಾಕು ತಂದೇ ತರುತ್ತಾರೆ, ತರಬೇಡಿ ಎಂದರೆ ನಮಗೆ ಕೊಬ್ಬು ಅನ್ನುತ್ತಾರೆ. ಅದನ್ನು ಎಲ್ಲಿಡುವುದು? ಎಷ್ಟೋ ದಿನ ಯೋಚಿಸಿ ಒಂದು ಸತ್ಯ ಕಂಡುಕೊಂಡೆ. ಸಿಹಿ ಬಚ್ಚಿಡಲು ಈ ಭೂಮಿಯ ಮೇಲೆ ಭದ್ರವಾದ ಜಾಗ ಒಂದೇ ಒಂದಿದೆ, ಅದು ನನ್ನ ಹೊಟ್ಟೆ. ಮನೆಯಲ್ಲಿ ಇದ್ದರೆ ತಾನೇ ಅವರು ತಿನ್ನುವುದು? ಅವರು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ನಾಲ್ಕು ತುಂಡು ಮುಗಿಸಿ, ಬಾಯಿ ಒರೆಸಿ, ಖಾಲಿ ಡಬ್ಬ ತೊಳೆದು ಕವುಚಿಡುತ್ತಿದ್ದೆ. ಹಬ್ಬದ ದಿನ ಎಲ್ಲರಿಗೂ ಎರಡೆರಡು ಒಬ್ಬಟ್ಟಾದರೆ ನನಗೆ ನಾಲ್ಕು: ನನ್ನವೆರಡು, ಅತ್ತೆಯ ಪಾಲಿನವೆರಡು. ಗೌರಿ ಹಬ್ಬದ ಕಜ್ಜಾಯವೂ ಅಷ್ಟೇ. ಇದನ್ನು ನಾನು ಸೇವೆ ಅಂತಲೇ ತಿಳಿದಿದ್ದೆ. ನಮ್ಮ ಯಜಮಾನರು ಶಿವಣ್ಣ ಮಾತು ಕಮ್ಮಿ, ಕಣ್ಣು ಚುರುಕು. ಒಂದು ದಿನ ನಾನು ಐದನೆಯ ಕಜ್ಜಾಯಕ್ಕೆ ಕೈ ಹಾಕುವುದನ್ನು ನೋಡಿ, “ಸಾಕು ಬುಡೇ. ನಮ್ಮವ್ವುಂಗೋಸ್ಕರ ಅಷ್ಟೊಂದು ತ್ಯಾಗ ಮಾಡ್ಬ್ಯಾಡ” ಎಂದರು. ನಾನು ಬಾಯಿ ತುಂಬ ಇದ್ದುದನ್ನು ನುಂಗಿ ಐದನೆಯದನ್ನೂ ಎತ್ತಿಕೊಂಡೆ.

ಹೀಗೆ ಎರಡು ವರ್ಷ ನಡೆಯಿತು. ಅತ್ತೆಯ ಸಕ್ಕರೆ ಹತೋಟಿಗೆ ಬಂತು, ಮುಖದಲ್ಲಿ ಕಳೆ ಬಂತು, ಡಾಕ್ಟರು ನನ್ನನ್ನು ಹೊಗಳಿದರು. ನಾನು ಊರಿನ ಹೆಂಗಸರಿಗೆಲ್ಲ ಪಥ್ಯದ ಬಗ್ಗೆ ಉಪದೇಶ ಮಾಡುತ್ತ ತಿರುಗಿದೆ. ತಿರುಗಿದೆ ಎಂದರೆ ನಡೆದೆ ಅಂತ ತಿಳಿಯಬೇಡಿ, ಜಗುಲಿಯ ಮೇಲೆ ಕೂತೇ.

ಮೊದಲು ಪೆಟ್ಟು ಕೊಟ್ಟವಳು ಶಮೀಮಾ. ಬೆಟ್ಟದಪುರದಲ್ಲಿ ರವಿಕೆ ಹೊಲಿಯುವವಳು, ಕೈಕೆಲಸ ಚಿನ್ನದಂಥದ್ದು, ಬಾಯಿ ಮಾತ್ರ ಕತ್ತರಿ. ನನ್ನ ತಂಗಿ ಮದುವೆಗೆ ರವಿಕೆ ಹೊಲಿಸಲು ಹೋಗಿದ್ದೆ. ಹಳೆಯ ಅಳತೆಯ ಪುಸ್ತಕ ತೆಗೆದು, ಟೇಪು ಸುತ್ತಿ, ಪುಸ್ತಕ ನೋಡಿ, ಟೇಪು ನೋಡಿ, ಮತ್ತೆ ಸುತ್ತಿದಳು. “ಅಕ್ಕಾ, ಓದ್ಸಲ ನಾನು ಅಳತೆ ತಪ್ಪು ಬರ್ಕಂಡಿದ್ನೋ, ಇಲ್ಲ ನನ್ನ ಟೇಪೇ ಕುಗ್ಗೋಯ್ತೋ?” ಎಂದಳು. ಟೇಪೇ ಇರಬೇಕು ಅಂದೆ. “ಐದಿಂಚು ಕುಗ್ಗುತ್ತಾ ಅಕ್ಕಾ?” ಎಂದಳು. ಆಮೇಲೆ ಕುತ್ತಿಗೆಯ ಅಳತೆಗೆ ನನ್ನ ಜಡೆ ಎತ್ತಿ ಹಿಡಿದವಳು ಹಾಗೇ ನಿಂತುಬಿಟ್ಟಳು.

“ಇದೇನಕ್ಕಾ, ಕುತ್ತಿಗೆ ಇಂದೆ ಇಷ್ಟು ಕಪ್ಪು?”

“ಸೊಪ್ಪಿನ ಅಂಟು ಕಣೇ ಶಮೀಮಾ. ಎಷ್ಟು ತಿಕ್ಕುದ್ರೂ ಓಗ್ತಿಲ್ಲ.”

ಹೊಗೆಸೊಪ್ಪು ಮುರಿದವರಿಗೆ ಗೊತ್ತು, ಹಸಿ ಎಲೆಯ ಅಂಟು ಕೈಗೆ ಹತ್ತಿ ಕಪ್ಪಾದರೆ ಸಾಬೂನಿಗೆ ಬಗ್ಗುವುದಿಲ್ಲ, ಹುಣಸೆಹಣ್ಣು ಹಚ್ಚಿ ತಿಕ್ಕಬೇಕು. ನಾನು ಆರು ತಿಂಗಳಿಂದ ಕುತ್ತಿಗೆಗೆ ಹುಣಸೆಹಣ್ಣು ಹಚ್ಚಿ ತೆಂಗಿನ ನಾರಿನಲ್ಲಿ ತಿಕ್ಕುತ್ತಿದ್ದೆ. ಚರ್ಮ ಉರಿಯಿತೇ ಹೊರತು ಕಪ್ಪು ಹೋಗಲಿಲ್ಲ. ಈ ವರ್ಷದ ಸೊಪ್ಪಿನಲ್ಲಿ ಅಂಟು ಜಾಸ್ತಿ, ಗೊಬ್ಬರದ ದೋಷ ಎಂದು ಶಿವಣ್ಣನ ಮೇಲೆಯೇ ರೇಗಿದ್ದೆ.

“ಅಂಟು ಕೈಗೆ ತಾನೇ ಅಕ್ಕಾ ಆಗೋದು? ನೀವೇನು ಕುತ್ತಿಗೇಲಿ ಸೊಪ್ಪು ಮುರೀತೀರಾ?” ಎಂದಳು ಶಮೀಮಾ. ಆಮೇಲೆ ದನಿ ತಗ್ಗಿಸಿದಳು. “ನಮ್ ಅಮ್ಮೀಗೂ ಇಂಗೇ ಆಗಿತ್ತು. ಸರದ ಕರೆ ಅಂತ ಒಂದ್ ವರ್ಸ ತಿಕ್ಕಂಡ್ರು. ಆಮ್ಯಾಕೆ ನೋಡುದ್ರೆ ಸುಗರು. ಒಂದ್ಸಲ ರಕ್ತ ನೋಡುಸ್ಬುಡಿ ಅಕ್ಕಾ. ರವಿಕೆ ಬೇಕಾರೆ ಒಲಿಗೆ ಬಿಚ್ಚಿ ದೊಡ್ಡದು ಮಾಡ್ಕೊಡ್ತೀನಿ, ಅದುನ್ನ ಬಿಚ್ಚಾಕಾಯ್ತದಾ?”

ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ನನಗೆ ಎಲ್ಲ ಲಕ್ಷಣಗಳೂ ಬಂದುಬಿಟ್ಟವು. ಬಾಯಾರಿಕೆ ಆಯಿತು. ಕಾಲು ಜೋಮು ಹಿಡಿಯಿತು. ಇಳಿದ ತಕ್ಷಣ ಬಚ್ಚಲಿಗೆ ಓಡುವಂತಾಯಿತು. ಊಟದ ಮೇಲೆ ನಿದ್ದೆ ಬರುತ್ತದಲ್ಲ, ಅದೂ ಅದೇ ಇರಬೇಕು ಅನ್ನಿಸಿತು. ನನ್ನ ತವರು ಹೊಸ ಅಗ್ರಹಾರದ ಕಡೆ, ಕಬ್ಬು ಬೆಳೆಯುವ ನೀರಾವರಿಯ ಊರು. ಊಟದ ಕೊನೆಗೆ ಒಂದು ಚೂರು ಬೆಲ್ಲ ಬಾಯಿಗೆ ಬೀಳದಿದ್ದರೆ ಊಟವಾಯಿತು ಎಂದು ನಮ್ಮಪ್ಪ ಒಪ್ಪುತ್ತಲೇ ಇರಲಿಲ್ಲ. ಅವರಿಗೆ ಸಕ್ಕರೆ ಇತ್ತೋ ಇಲ್ಲವೋ ನಮಗೆ ತಿಳಿಯದು, ಸೂಜಿ ಕಂಡರೆ ತೋಟಕ್ಕೆ ಹೋಗಿಬಿಡುತ್ತಿದ್ದರು. ನಮ್ಮ ಕಡೆ ಇನ್ನೊಂದು ನಂಬಿಕೆ ಇದೆ, ಸಕ್ಕರೆ ಇದ್ದವರ ಮೂತ್ರಕ್ಕೆ ಇರುವೆ ಮುತ್ತುತ್ತದಂತೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಬಚ್ಚಲ ಹಿಂದೆ ಹೋಗಿ ಕುಕ್ಕರುಗಾಲಿನಲ್ಲಿ ಕೂತು ನೋಡಿದೆ. ಇರುವೆ ಇದ್ದವು. ಆದರೆ ನಮ್ಮ ಮನೆಯಲ್ಲಿ ಇರುವೆ ಎಲ್ಲಿರಲಿಲ್ಲ? ಇದ್ದರೂ, ಅತ್ತೆಗಾಗಿ ಬಂದವೋ ನನಗಾಗಿ ಬಂದವೋ ಎಂದು ಇರುವೆಯನ್ನು ಕೇಳಲಾಗುತ್ತದೆಯೇ?

ನನಗೆ ಎರಡು ಭಯ ಇದ್ದವು. ಒಂದು, ಅತ್ತೆಯ ಕಾಲಿನಲ್ಲಿ ಬೆರಳಿಲ್ಲದ ಆ ಜಾಗ. ಎಂಟು ತಿಂಗಳು ಆ ಗಾಯ ತೊಳೆದು ಕಟ್ಟಿದ ಕೈ ಇದು, ಆ ವಾಸನೆ ಇನ್ನೂ ಮರೆತಿರಲಿಲ್ಲ. ಇನ್ನೊಂದು ಭಯ, ನಿಜ ಹೇಳಬೇಕೆಂದರೆ ಮೊದಲನೆಯದಕ್ಕಿಂತ ಒಂದು ಕೈ ಮೇಲೆಯೇ ಇತ್ತು. ನನಗೂ ಸಕ್ಕರೆ ಎಂದು ಅತ್ತೆಗೆ ಗೊತ್ತಾದರೆ? ಎರಡು ವರ್ಷ ಅವರ ತಟ್ಟೆಯ ಮುಂದೆ ನಿಂತು ಆಡಿದ ಮಾತೆಲ್ಲ ಅವರು ಒಂದೊಂದಾಗಿ ಬಡ್ಡಿ ಸಮೇತ ತೀರಿಸಿದರೆ? ಹಾಗಾಗಿ ಯಾರಿಗೂ ಹೇಳದೆ ಪಿರಿಯಾಪಟ್ಟಣಕ್ಕೆ ಹೋಗಿ ರಕ್ತ ಕೊಟ್ಟು ಬರುವುದು ಅಂತ ತೀರ್ಮಾನಿಸಿದೆ. ಸೀರೆಗೆ ಅಂಚು ಹೊಲಿಸಬೇಕು ಎಂಬ ನೆಪ ಇದ್ದೇ ಇತ್ತು.

ಇಲ್ಲಿ ನನ್ನ ಕಸುಬಿನ ಬಗ್ಗೆ ಸ್ವಲ್ಪ ಹೇಳಬೇಕು. ಬ್ಯಾರನ್ ಎಂಬ ಬಿಸಿಗೂಡಿನಲ್ಲಿ ಬೆಂದ ಹೊಗೆಸೊಪ್ಪನ್ನು ಬಣ್ಣ ನೋಡಿ ಬೇರೆ ಬೇರೆ ಮಾಡುವುದು, ಜೋಡಿಸಿ ಗೋಣಿತಾಟು ಸುತ್ತಿ ಬೇಲು, ಅಂದರೆ ಹೊರೆ, ಕಟ್ಟುವುದು ಮನೆಯ ಹೆಂಗಸರ ಕೆಲಸ. ಬೇಲು ಹರಾಜಿಗೆ ಹೋದಾಗ ಕೊಳ್ಳುವವರ ಕಣ್ಣು ಮೊದಲು ಬೀಳುವುದು ಅದರ ಮುಖದ ಮೇಲೆ. ಹಾಗಾಗಿ ನಿಂಬೆಹಣ್ಣಿನ ಬಣ್ಣದ, ಕಲೆಯಿಲ್ಲದ ಅಗಲವಾದ ಎಲೆಗಳನ್ನೆಲ್ಲ ಮೇಲೆ ಹರಡಿ, ಮಚ್ಚೆ ಬಿದ್ದದ್ದು, ಸುಟ್ಟದ್ದು, ಹಸಿರು ಉಳಿದದ್ದನ್ನು ಮಧ್ಯಕ್ಕೆ ತಳ್ಳುವುದು ಉಂಟು. ತಪ್ಪು, ಮಾಡಬಾರದು, ಎಲ್ಲರಿಗೂ ಗೊತ್ತು. ನಮ್ಮ ಬೀದಿಯಲ್ಲಿ ಆ ಕೆಲಸವನ್ನು ನನ್ನಷ್ಟು ಚೆಂದ ಮಾಡುವವರು ಇರಲಿಲ್ಲ ಅನ್ನುವುದೂ ಎಲ್ಲರಿಗೂ ಗೊತ್ತು. ನಾನು ಮುಖ ಮಾಡಿದ ಬೇಲನ್ನು ಹೆಣ್ಣು ನೋಡಲು ಬಂದವರ ಮುಂದೆಯೂ ಕೂರಿಸಬಹುದಿತ್ತು.

ಆ ಕೈಚಳಕವನ್ನು ನನ್ನ ಮೈಗೂ ಬಳಸಿದೆ. ರಕ್ತ ಕೊಡುವ ನಾಲ್ಕು ದಿನ ಮುಂಚೆ ಸಕ್ಕರೆ ಮುಟ್ಟಲಿಲ್ಲ. ಅನ್ನ ಬಿಟ್ಟೆ. ಅರ್ಧ ಮುದ್ದೆ, ಸೊಪ್ಪಿನ ಸಾರು, ಹಾಗಲಕಾಯಿ ಪಲ್ಯ. ಬೆಳಿಗ್ಗೆ ಸೌದೆ ತರುವ ನೆಪದಲ್ಲಿ ಕೆರೆ ಏರಿಯ ಮೇಲೆ ಎರಡು ಸುತ್ತು. ಅತ್ತೆ ಒಲೆ ಮುಂದೆ ಕೂತು ಇದನ್ನೆಲ್ಲ ನೋಡುತ್ತಿದ್ದರು. “ಏನವ್ವಾ, ಅರಕೆ ಗಿರಕೆ ಕಟ್ಕಂಡಿದ್ದೀಯಾ?” ಎಂದರು. “ಹೂಂ ಅತ್ತೆ, ತಂಗಿ ಮದುವೆ ಚೆನ್ನಾಗಾಗ್ಲಿ ಅಂತ” ಎಂದೆ. ದೇವರ ಹೆಸರಿನಲ್ಲಿ ಸುಳ್ಳು ಹೇಳಿದ ಪಾಪಕ್ಕೆ ಆ ಹೊತ್ತಿನ ಅರ್ಧ ಮುದ್ದೆಯಲ್ಲೂ ಅರ್ಧ ಬಿಟ್ಟೆ.

ಡಾಕ್ಟರು ನನ್ನನ್ನು ನೋಡಿದವರೇ ನನ್ನ ಹಿಂದೆ ಬಾಗಿಲ ಕಡೆ ನೋಡಿದರು. “ಎಲ್ಲಮ್ಮ, ನಿಮ್ಮತ್ತೆ?”

“ಇವತ್ತು ನಂದೇ ಸಾ” ಎಂದೆ. ಹೇಳುವಾಗ ಕಳ್ಳನನ್ನು ಹಿಡಿಯಲು ಹೋದ ಪೊಲೀಸು ತಾನೇ ಸ್ಟೇಷನ್ನಿನಲ್ಲಿ ಬೆಂಚಿನ ಮೇಲೆ ಕೂತ ಹಾಗೆ ಅನ್ನಿಸಿತು.

ಅವರು ತೂಕ ನೋಡಿದರು. ಕುತ್ತಿಗೆ ನೋಡಿದರು. ತಂದೆತಾಯಿಗೆ ಇತ್ತಾ ಎಂದು ಕೇಳಿದರು. ಊಟ ಏನು ಎಂದರು.

“ಅರ್ಧ ಮುದ್ದೆ ಸಾ. ಸೊಪ್ಪಿನ ಸಾರು.”

“ಸಿಹಿ?”

“ನಮ್ಮನೇಲಿ ಸಿಹಿ ಎಲ್ಲಿ ಸಾ? ಅತ್ತೆಗೆ ಆಗಲ್ವಲ್ಲ.”

“ಯಾವಾಗ್ಲೂ ಅರ್ಧ ಮುದ್ದೇನಾ?”

“ಹೂಂ ಸಾ. ಮೊದ್ಲಿಂದ.”

“ಅರ್ಧ ಮುದ್ದೆ ತಿಂದು ಎಪ್ಪತ್ತೆಂಟು ಕೇಜಿ ಆಗೋ ವಿದ್ಯೆ ನಂಗೂ ಹೇಳ್ಕೊಡಮ್ಮ. ಎಷ್ಟೋ ಜನಕ್ಕೆ ಊಟ ಉಳಿಯುತ್ತೆ” ಎಂದರು. ನಾನು ಗೋಡೆಯ ಮೇಲಿದ್ದ ಹೃದಯದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಖಾಲಿ ಹೊಟ್ಟೆಯ ರಕ್ತದ ರಿಪೋರ್ಟು ಮಧ್ಯಾಹ್ನಕ್ಕೇ ಬಂತು. ತೊಂಬತ್ತೆಂಟು. ನಾರ್ಮಲ್! ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಡಾಕ್ಟರು ಮಾತ್ರ ಏಳಲಿಲ್ಲ. “ಕೂತ್ಕೋಮ್ಮ. ಇದು ಇವತ್ತಿನ ಮಾತು. ಇನ್ನೊಂದು ಟೆಸ್ಟು ಇದೆ, ಮೂರು ತಿಂಗಳಿಂದ ರಕ್ತದಲ್ಲಿ ಸಕ್ಕರೆ ಒಟ್ಟಾರೆ ಹೆಂಗಿತ್ತು ಅಂತ ಹೇಳುತ್ತೆ. ಮೈಸೂರಿಗೆ ಕಳಿಸ್ಬೇಕು. ಮುಂದಿನ ವಾರ ಬಾ” ಎಂದು ಇನ್ನೊಂದು ಸಣ್ಣ ಬಾಟಲಿ ರಕ್ತ ತೆಗೆಸಿದರು. ನಾನು ಆ ಮಾತನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ನಾರ್ಮಲ್ ಅಂದಮೇಲೆ ನಾರ್ಮಲ್. ಆ ಖುಷಿಗೆ ಬಸ್‌ಸ್ಟ್ಯಾಂಡ್ ಪಕ್ಕದ ಬೇಕರಿಯಲ್ಲಿ ನಿಂತು ಎರಡು ದಿಲ್‌ಪಸಂದ್ ತಿಂದೆ. ನಾಲ್ಕು ದಿನದ ಉಪವಾಸಕ್ಕೆ ಒಂದು, ನಾರ್ಮಲ್ಲಿಗೆ ಒಂದು. ಅತ್ತೆಗೆ ಒಂದು ಕಟ್ಟಿಸಿಕೊಂಡು ಹೋಗೋಣ ಅನ್ನಿಸಿತು, ಛೆ ಅವರಿಗೆ ಆಗುವುದಿಲ್ಲವಲ್ಲ ಎಂದು ನೆನಪಾಗಿ ಅದನ್ನೂ ನಾನೇ ತಿಂದೆ.

ಮುಂದಿನ ವಾರ ಹೋದೆ. ಡಾಕ್ಟರು ಮೈಸೂರಿನಿಂದ ಬಂದಿದ್ದ ಕಾಗದವನ್ನು ನನ್ನ ಕಡೆ ತಿರುಗಿಸಿ ಇಟ್ಟು, ಆರು ಪಾಯಿಂಟ್ ಎರಡು ಎಂದು ಬರೆದಿದ್ದ ಕಡೆ ಪೆನ್ನಿನ ತುದಿ ಇಟ್ಟರು. ಆರು ಅಂದರೆ ಕಡಿಮೆಯೇ ತಾನೇ, ಹೋದ ವಾರ ತೊಂಬತ್ತೆಂಟು ಇತ್ತಲ್ಲ ಎಂದು ನಾನು ನಕ್ಕೆ. ಅವರು ನಗಲಿಲ್ಲ.

“ಈ ಲೆಕ್ಕ ಬೇರೆ ಕಣಮ್ಮ. ಇದಕ್ಕೆ ಇದು ಜಾಸ್ತಿ. ನಮ್ಮಪ್ಪನೂ ಹೊಗೆಸೊಪ್ಪು ಬೆಳೀತಿದ್ರು. ಹರಾಜಿನಲ್ಲಿ ಕೊಳ್ಳೋರು ಬೇಲಿನ ಮುಖ ನೋಡಿ ಸುಮ್ನಾಗ್ತಾರಾ?”

“ಇಲ್ಲ ಸಾ.”

“ಏನ್ಮಾಡ್ತಾರೆ?”

“ಮಧ್ಯಕ್ಕೆ ಕೈ ಹಾಕಿ ಎಳೀತಾರೆ” ಎಂದೆ. ಎರಡು ವರ್ಷದ ಒಬ್ಬಟ್ಟು, ಕಜ್ಜಾಯ, ಮೈಸೂರು ಪಾಕು ಎಲ್ಲ ಆ ಕಾಗದದ ಮೇಲೆ ಹರಡಿ ಕೂತ ಹಾಗೆ ಕಂಡಿತು.

“ಅಂಗಾದ್ರೆ ನಂಗೂ ಬಂದ್ಬುಡ್ತಾ ಸಾ?” ಎಂದೆ.

“ಬಂದಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡ್ತಾ ಇದೆ. ನೀನು ಮಣೆ ಹಾಕಿದ್ರೆ ಒಳಗೆ ಬಂದು ಕೂರುತ್ತೆ, ಹಾಕ್ದೇ ಇದ್ರೆ ವಾಪಸ್ಸು ಹೋದ್ರೂ ಹೋಗಬಹುದು.” ಮಾತ್ರೆ ಈಗಲೇ ಬೇಡ ಎಂದರು. ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡಿ, ಐದಾರು ಕೇಜಿ ಇಳಿಸು, ತಟ್ಟೆಯಲ್ಲಿ ಅರ್ಧ ಸೊಪ್ಪು ತರಕಾರಿ, ಉಳಿದರ್ಧದಲ್ಲಿ ಮುದ್ದೆಯೋ ಅನ್ನವೋ ಕಾಳೋ, ಸಿಹಿ ಅಪರೂಪಕ್ಕೆ ಒಂದು ತುಂಡು, ಮೂರು ತಿಂಗಳಾದ ಮೇಲೆ ಮತ್ತೆ ಟೆಸ್ಟು, ಆಮೇಲೆ ವರ್ಷಕ್ಕೊಂದು ಸಲ ತಪ್ಪದೆ ಎಂದು ಆ ಕಾಗದದ ಹಿಂದೆಯೇ ಬರೆದುಕೊಟ್ಟರು. “ಮತ್ತೆ ನಾಲ್ಕು ದಿನ ಮುಂಚೆ ಸಿಂಗಾರ ಮಾಡ್ಕೊಂಡು ಬರಬೇಡ. ನಾನು ನೋಡಬೇಕಾಗಿರೋದು ನಿನ್ನ ರಕ್ತ, ನೀನು ಎಷ್ಟು ಜಾಣೆ ಅಂತಲ್ಲ.”

“ಇದೆಯೋ ಇಲ್ವೋ ಒಂದೇ ಮಾತಲ್ಲಿ ಹೇಳಿ ಸಾ, ಯಾರಾದ್ರೂ ಕೇಳುದ್ರೆ ಏನನ್ಲಿ?”

“ಇಲ್ಲ. ಆದ್ರೆ ಇಲ್ಲ ಅಂತ ಎದೆ ತಟ್ಕೊಂಡು ಹೇಳೋ ಹಂಗೂ ಇಲ್ಲ” ಎಂದರು. ಇಂಥ ಕಾಯಿಲೆಯನ್ನು ನಾನು ಕೇಳಿರಲೇ ಇಲ್ಲ. ಬಂದರೆ ಬಂತು ಅನ್ನಬೇಕು, ಇಲ್ಲದಿದ್ದರೆ ಇಲ್ಲ ಅನ್ನಬೇಕು. ಬಸುರಿಯೋ ಅಲ್ಲವೋ ಅಂದರೆ ಸ್ವಲ್ಪ ಬಸುರಿ ಅಂದ ಹಾಗಾಯಿತು.

ಆ ದಿನ ಬೇಕರಿಯ ಕಡೆ ತಲೆ ಹಾಕಲಿಲ್ಲ. ಬಸ್ಸಿನಲ್ಲಿ ಕಾಗದವನ್ನು ಎಂಟು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡೆ. ಮನೆಗೆ ಬಂದು ಅದನ್ನು ಬೇಲು ಸುತ್ತುವ ಗೋಣಿತಾಟುಗಳ ಕೆಳಗೆ ತಳ್ಳಿದೆ. ಅತ್ತೆಗೆ ಓದಲು ಬರುವುದಿಲ್ಲ, ಸಿಕ್ಕಿದರೂ ಏನು ಎಂಬ ಧೈರ್ಯವೂ ಇತ್ತು. ಇಲ್ಲೇ ನಾನು ಎಡವಿದ್ದು. ಓದಲು ಬರದಿದ್ದರೇನಂತೆ, ಎರಡು ವರ್ಷದಿಂದ ಇಂಥದೇ ಕೆಂಪು ಗೆರೆಯ ಲ್ಯಾಬಿನ ಕಾಗದಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದವರು ಅವರೇ.

ಮೂರನೆಯ ದಿನ ನಾನು ಸೊಪ್ಪಿನ ರಾಶಿಯ ಮುಂದೆ ಕೂತು ಬಣ್ಣ ಬೇರೆ ಮಾಡುತ್ತಿದ್ದೆ. ಅತ್ತೆ ಬಂದು ಎದುರಿಗೆ ಕೂತರು. ಕೈಯಲ್ಲಿ ಆ ಕಾಗದ, ಎಂಟೂ ಮಡಿಕೆ ಬಿಚ್ಚಿ, ಅಂಗೈಯಲ್ಲಿ ತೀಡಿ ನೆಟ್ಟಗೆ ಮಾಡಿದ್ದರು.

“ಇದು ನಂದಲ್ಲ. ನಾನು ಪಟ್ಣುಕ್ಕೆ ಓಗಿ ಎಲ್ಡ್ ತಿಂಗ್ಳಾಯ್ತು” ಎಂದರು.

ನಾನು ಎಲೆ ನೋಡುತ್ತ ಕೂತೆ.

“ಅರಕೆ ಕಟ್ಕಂಡಿದ್ದು ಇದ್ಕೇನಾ?”

“ಬಂದಿಲ್ಲ ಅತ್ತೆ. ಬರೋ ದಾರಿಯಲ್ಲಿ ಇದೆಯಂತೆ. ಬಂದಿಲ್ಲ” ಎಂದೆ. ಅವರು ಈಗ ನಗುತ್ತಾರೆ, ಈಗ ಶುರು ಮಾಡುತ್ತಾರೆ, ಮುದ್ದೆಯಿಂದ ಶುರು ಮಾಡುತ್ತಾರೋ ಬಾಳೆಹಣ್ಣಿನಿಂದಲೋ ಎಂದು ಕಾದೆ. ಅವರು ನಗಲಿಲ್ಲ. ಎಡಗಾಲನ್ನು ಮುಂದಕ್ಕೆ ಚಾಚಿ ಸೊಪ್ಪಿನ ಪಕ್ಕ, ನನ್ನ ಕಣ್ಣೆದುರಿಗೇ ಇಟ್ಟರು. ಕಿರುಬೆರಳಿದ್ದ ಜಾಗ ನುಣ್ಣಗೆ, ಸ್ವಲ್ಪ ತಿಳಿ ಬಣ್ಣಕ್ಕೆ ತಿರುಗಿತ್ತು.

“ನೋಡ್ದಾ? ನಂಗೆ ಯಾರೂ ಮುಂಚೆ ಏಳ್ನಿಲ್ಲ ಕಣವ್ವ. ಅದು ಬಂದಿದ್ದು, ಕುಂತಿದ್ದು, ತಿಂದಿದ್ದು ಒಂದೂ ಗೊತ್ತಾಗ್ನಿಲ್ಲ. ನಿಂಗೆ ಬಾಗ್ಲಲ್ಲೇ ಏಳವ್ರೆ. ಏಳಿರೋದ್ನ ತಕ್ಕಬಂದು ತಾಟು ಕೆಳಗೆ ಮಡಗ್ತೀಯಲ್ಲ, ಬುದ್ಧಿ ಅದಾ ನಿಂಗೆ?” ಎಂದರು. ಅವರು ಬೆರಳಿಲ್ಲದ ಕಾಲನ್ನು ಹಿಂದಕ್ಕೆ ಎಳೆದುಕೊಂಡು ಸೀರೆ ಸರಿಮಾಡಿಕೊಂಡರು. ಆಮೇಲೆ ಕೇಳಿದರು: “ನಂಗೆ ಬ್ಯಾಡ ಅಂತ ಎತ್ತಿಡ್ತಿದ್ದ ಒಬ್ಬಟ್ಟೆಲ್ಲ ಎಲ್ಲೋಯ್ತಿತ್ತು ಅಂತ ನಾನು ಕೇಳ್ದೆನಾ ಯಾವತ್ತಾರಾ?”

ಕೇಳಿರಲಿಲ್ಲ. ಎರಡು ವರ್ಷ ಎಲ್ಲ ಗೊತ್ತಿದ್ದೂ ಕೇಳಿರಲಿಲ್ಲ. ನನಗೆ ಅವರು ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಆ ಆಸೆ ಮರುದಿನ ಬೆಳಿಗ್ಗೆಯೇ ತೀರಿತು. ಐದೂವರೆಗೆ ಯಾರೋ ಕಂಬಳಿ ಎಳೆದರು. “ಏಳೇ, ಮುಕ್ಕಾಲು ಗಂಟೆ ಅಂತೆ. ನಿನ್ ಗಂಡುನ್ ಕೈಲಿ ಓದಿಸಿವ್ನಿ” ಎಂದರು ಅತ್ತೆ. ಒಂದು ಬೆರಳು ಕಡಿಮೆ ಇರುವ ಕಾಲಿನಲ್ಲಿ ಅವರು ಕೆರೆ ಏರಿಯ ಮೇಲೆ ಹೋಗುವ ವೇಗಕ್ಕೆ, ಹತ್ತೂ ಬೆರಳಿರುವ ನಾನು ಏದುಸಿರು ಬಿಡುತ್ತ ಓಡಬೇಕಾಗಿತ್ತು. ಎದುರಿಗೆ ಸಿಕ್ಕವರೆಲ್ಲ, “ಏನ್ ಕೆಂಪಮ್ಮ, ಸೊಸೆ ಅಟ್ಟುಸ್ಕಂಡ್ ಬತ್ತಾವ್ಳಾ?” ಎಂದರೆ, “ಅಟ್ಟುಸ್ಕಂಡ್ ಬಂದ್ರೆ ಒಳ್ಳೇದೇ ಆಯ್ತಿತ್ತಲ್ಲವ್ವ, ಬತ್ತಾನೇ ಇಲ್ಲ ನೋಡು” ಎನ್ನುತ್ತಿದ್ದರು. ಮನೆಯಲ್ಲಿ ನನ್ನ ತಟ್ಟೆಗೆ ಬಡಿಸುವುದು ಅವರ ಕೆಲಸವಾಯಿತು. ಮುದ್ದೆಗೆ ನನ್ನ ಕೈಯ ಅಳತೆ ಕಿತ್ತಳೆ ಆಗಿದ್ದರೆ ಅವರದು ನಿಂಬೆಹಣ್ಣು. ನಾನು ಹೆದರಿದ್ದು ಹಳೆಯ ಸೇಡು ತೀರಿಸುತ್ತಾರೆ ಎಂದು. ಅದಾಗಿದ್ದರೆ ಎಂದಾದರೂ ತೀರಿ ಮುಗಿಯುತ್ತಿತ್ತು. ಇದು ಪ್ರೀತಿ, ಮುಗಿಯುವ ಬಾಬತ್ತೇ ಅಲ್ಲ. ಒಂದು ದಿನ ಶಿವಣ್ಣನ ಹತ್ತಿರ, “ನಿಮ್ಮವ್ವಂಗೆ ಸ್ವಲ್ಪ ಹೇಳಿ ಕಣ್ರೀ, ಹಸಿವಾಗ್ತದೆ” ಎಂದೆ. ಅವರು ಎರಡು ವರ್ಷದಿಂದ ಈ ಮಾತಿಗೇ ಕಾದಿದ್ದವರಂತೆ, “ನಂಗೇನೂ ಗೊತ್ತಿಲ್ಲಪ್ಪ, ಊಟದ್ ಇಸ್ಯ ಹೆಂಗುಸ್ರು ನೋಡ್ಕತೀರಿ” ಎಂದು ತಮ್ಮ ದೊಡ್ಡ ಮುದ್ದೆಯನ್ನು ಮುರಿದರು.

ಮೂರು ತಿಂಗಳಿಗೆ ಐದು ಕೇಜಿ ಇಳಿದೆ. ರವಿಕೆ ಸಡಿಲವಾಗಿ ಶಮೀಮಾಗೆ ಮತ್ತೆ ಕೆಲಸವಾಯಿತು, “ಟೇಪು ಇಗ್ಗೈತೆ ಕಣಕ್ಕಾ” ಎಂದಳು. ಟೆಸ್ಟಿಗೆ ಈ ಸಲ ಅತ್ತೆಯೇ ಕರೆದುಕೊಂಡು ಹೋದರು. ಡಾಕ್ಟರು ಊಟ ಏನು ಎಂದು ನನ್ನನ್ನು ಕೇಳಿದರೆ ಉತ್ತರ ಅವರು ಕೊಟ್ಟರು, ತಂಗಿಯ ಮನೆಯಲ್ಲಿ ನಾನು ಕದ್ದು ತಿಂದ ಅರ್ಧ ಜಿಲೇಬಿಯನ್ನೂ ಬಿಡದೆ. ರಿಪೋರ್ಟು ಐದು ಪಾಯಿಂಟ್ ಎಂಟು ಬಂತು. ಡಾಕ್ಟರು ಅತ್ತೆಯ ಕೈ ಕುಲುಕಿದರು. ನಡೆದದ್ದು ನಾನು, ಹಸಿದಿದ್ದು ನಾನು, ಹೊಗಳಿಕೆ ಅವರಿಗೆ. ಎರಡು ವರ್ಷ ಅವರ ಹಸಿವಿಗೆ ನಾನು ಹೊಗಳಿಸಿಕೊಂಡಿದ್ದೆನಲ್ಲ, ಮಾತಾಡುವ ಬಾಯಿ ಎಲ್ಲಿತ್ತು?

ಅದಾಗಿ ಹದಿನೆಂಟು ವರ್ಷ. ಕೆಲವು ವರ್ಷ ಆ ಅಂಕಿ ಒಂದು ಕೂದಲು ಮೇಲೆ, ಕೆಲವು ವರ್ಷ ಒಂದು ಕೂದಲು ಕೆಳಗೆ, ಗೆರೆ ದಾಟದೆ ಕೂತಿದೆ. ಅತ್ತೆಗೆ ಎಪ್ಪತ್ತಾರು, ಉಳಿದ ಒಂಬತ್ತು ಬೆರಳೂ ಗಟ್ಟಿಯಾಗಿವೆ. ಈಗ ನನಗೆ ಕಷ್ಟವಾಗುವುದು ಮದುವೆ ಮನೆಗಳಲ್ಲಿ ಮಾತ್ರ. ಮೊನ್ನೆ ಹುಣಸೂರಿನ ಛತ್ರವೊಂದರಲ್ಲಿ ಊಟಕ್ಕೆ ಕೂತಿದ್ದೆವು. ಬಡಿಸುವಾತ ಪಾಯಸದ ಬಕೆಟ್ಟು ಹಿಡಿದು ಬಂದು, ಈಗಿನ ಕಾಲದ ಮರ್ಯಾದೆಯಂತೆ, “ಸುಗರ್ ಇದ್ಯಾ ಅಮ್ಮಾ, ಹಾಕ್ಲಾ?” ಎಂದು ಕೇಳಿದ. ಇದೆ ಎಂದರೆ ಸುಳ್ಳು, ಇಲ್ಲ ಎಂದರೆ ಪಕ್ಕದ ಎಲೆಯಲ್ಲಿ ಅತ್ತೆ. ನಾನು ಬಾಯಿ ತೆರೆಯುವ ಮೊದಲೇ ಅವರು, “ಅವ್ಳಿಗೆ ಬ್ಯಾಡ ಕಣಪ್ಪ, ಬರೋ ಅಂಗೈತೆ” ಎಂದರು. “ಯಾವಾಗಿಂದ ಅಜ್ಜೀ?” ಎಂದ ಆತ. “ಅದ್ನೆಂಟು ವರ್ಸದಿಂದ” ಎಂದರು ಅತ್ತೆ, ಸ್ವಲ್ಪವೂ ಅಳುಕದೆ. ಸಾಲಿನವರೆಲ್ಲ ನಕ್ಕರು. ನಾನೂ ನಕ್ಕು, ಬೇಡಪ್ಪ ಎಂದು ಎಲೆಗೆ ಕೈ ಅಡ್ಡ ಹಿಡಿದೆ. ಬೆರಳುಗಳನ್ನು ಮಾತ್ರ ಕೊಂಚ ಅಗಲಿಸಿಯೇ ಹಿಡಿದಿದ್ದೆ, ಪಾಯಸ ತೆಳ್ಳಗಿತ್ತು.